ಮುಟ್ಟಿಸಿಕೊಳ್ಳಲು ಪಿಂಕಿ ಒಪ್ಪಿದ ಬಗೆ

ಪಿಂಕಿ ನಮ್ಮ ಮನೆಗೆ ಬಂದಾಗ ಅವಳಿಗೆ ನಾಲ್ಕು ವರ್ಷ. ಬಿಳಿ ಕೂದಲು, ನೆಟ್ಟಗಿನ ಕಿವಿ, ಬೆನ್ನಿನ ಮೇಲೆ ಸುತ್ತಿಕೊಂಡ ಬಾಲ, ತೂಕ ಆರು ಕೆಜಿ. ನಮ್ಮ ಮೈಸೂರಿನಲ್ಲಿ ಇಂಥ ನಾಯಿಯನ್ನು ಎಲ್ಲರೂ ಪಮೇರಿಯನ್ ಅಂತಲೇ ಕರೆಯುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಇವಳು ಇಂಡಿಯನ್ ಸ್ಪಿಟ್ಜ್. ಹಿಂದಿನ ಮನೆಯವರು ಬೇರೆ ಊರಿಗೆ ಹೊರಟಿದ್ದರು. ಅಲ್ಲಿನ ಬಾಡಿಗೆ ಮನೆಯಲ್ಲಿ ನಾಯಿ ಇಟ್ಟುಕೊಳ್ಳಲು ಬಿಡುವುದಿಲ್ಲವಂತೆ. ಪರಿಚಯದವರ ಮೂಲಕ ವಿಷಯ ತಿಳಿದು ನಾವು ಕರೆತಂದೆವು.

ಆ ಮನೆ ತುಂಬಾ ಮಕ್ಕಳು. ಅವರಿಗೆ ಪಿಂಕಿ ಅಂದರೆ ಪ್ರಾಣ. ಎತ್ತಿಕೊಳ್ಳುವುದು, ಮುತ್ತಿಡುವುದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವುದು ದಿನವಿಡೀ ನಡೆಯುತ್ತಿತ್ತು. ಸಾಕಾಗಿ ಅವಳು ಮಂಚದ ಕೆಳಗೆ ನುಸುಳಿದರೆ ಹಿಂಗಾಲು ಹಿಡಿದು ಈಚೆಗೆ ಎಳೆಯುತ್ತಿದ್ದರು. ಯಾರೂ ಹೊಡೆದವರಲ್ಲ, ಬೈದವರಲ್ಲ. ಆದರೂ ಮನುಷ್ಯರ ಕೈ ತನ್ನ ಕಡೆ ಬಂತೆಂದರೆ ಓಡಬೇಕು ಅನ್ನುವುದು ಅವಳ ಮೈಗೆ ಹತ್ತಿಬಿಟ್ಟಿತ್ತು.

ಮೊದಮೊದಲು ಊಟದ ತಟ್ಟೆ ಇಟ್ಟು ನಾವು ಕೋಣೆಯಿಂದ ಹೊರಗೆ ಬಂದ ಮೇಲೆಯೇ ತಿನ್ನುತ್ತಿದ್ದಳು. ರಾತ್ರಿ ದೀಪ ಆರಿದ ಮೇಲೆ ಮನೆಯೆಲ್ಲ ಓಡಾಡುತ್ತಿದ್ದಳು. ಹಗಲಲ್ಲಿ ಯಾರಾದರೂ ಬಗ್ಗಿದರೆ ಸಾಕು, ಬಾಲ ಹೊಟ್ಟೆಯ ಕೆಳಗೆ ಸೇರುತ್ತಿತ್ತು, ಕಿವಿ ತಲೆಗೆ ಅಂಟಿಕೊಳ್ಳುತ್ತಿತ್ತು.

ಅಕ್ಕಪಕ್ಕದವರ, ನೆಂಟರ ಸಲಹೆ ಒಂದೇ ಥರ. ‘ಗಟ್ಟಿಯಾಗಿ ಹಿಡಿದು ಮಡಿಲಲ್ಲಿ ಕೂರಿಸ್ಕೊಳ್ಳಿ. ಎರಡು ದಿನ ಒದ್ದಾಡುತ್ತೆ, ಮೂರನೇ ದಿನ ತಾನೇ ಸುಮ್ನಾಗುತ್ತೆ.’ ಸುಮ್ಮನಾಗುತ್ತದೆ, ಅದು ನಿಜ. ಆದರೆ ಅಂಥ ಸುಮ್ಮನಿರುವಿಕೆ ನನಗೆ ಬೇಡವಾಗಿತ್ತು. ಬಿ.ಎ.ನಲ್ಲಿ ಮನಶ್ಶಾಸ್ತ್ರ ಓದುವಾಗ ಒಂದು ಪ್ರಯೋಗದ ಪಾಠ ಇತ್ತು. ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಪ್ರಕಟಿಸಿದ್ದು. ಕೆಲವು ನಾಯಿಗಳಿಗೆ ಕರೆಂಟ್ ಶಾಕ್ ಕೊಟ್ಟರು. ಏನು ಮಾಡಿದರೂ ಆ ಶಾಕ್ ನಿಲ್ಲುತ್ತಿರಲಿಲ್ಲ. ಆಮೇಲೆ ಅವೇ ನಾಯಿಗಳನ್ನು ಬೇರೆ ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ಒಂದು ಗಿಡ್ಡ ಅಡ್ಡಗೋಡೆ ಹಾರಿದರೆ ಶಾಕ್‌ನಿಂದ ಪಾರು. ಬಹಳಷ್ಟು ನಾಯಿಗಳು ಹಾರಲೇ ಇಲ್ಲ. ಬಿದ್ದುಕೊಂಡು ಕುಂಯ್ಗುಟ್ಟಿದವು. ತನ್ನ ಮಾತು ಎಲ್ಲೂ ನಡೆಯುವುದಿಲ್ಲ ಅಂತ ಗೊತ್ತಾದ ಪ್ರಾಣಿ ಹೀಗೆ ಸುಮ್ಮನಾಗುತ್ತದೆ. ಪಿಂಕಿಯ ವಿಷಯದಲ್ಲಿ ನನಗೆ ಬೇಕಾದದ್ದು ಇದರ ಉಲ್ಟಾ. ಅವಳು ಬೇಡ ಅಂದರೆ ನಾವು ನಿಲ್ಲಿಸುತ್ತೇವೆ ಅನ್ನುವುದು ಅವಳಿಗೆ ಖಾತ್ರಿಯಾಗಬೇಕು. ಮುಟ್ಟುವ ಮಾತು ಆಮೇಲೆ.

ಇದನ್ನೆಲ್ಲ ಶುರು ಮಾಡುವ ಮೊದಲು ಪಶುವೈದ್ಯರ ಹತ್ತಿರ ಹೋದೆವು. ಹೆದರುವ ನಾಯಿಯಲ್ಲಿ ಮೊದಲು ನೋಡಬೇಕಾದ್ದು ನೋವು. ಚಿಕ್ಕ ತಳಿಗಳಲ್ಲಿ ಹಲ್ಲಿನ ತೊಂದರೆ, ಮಂಡಿಚಿಪ್ಪು ಜಾರುವುದು ಇವೆಲ್ಲ ಸಾಮಾನ್ಯ. ಜೊತೆಗೆ ಪಿಂಕಿಯ ಲಸಿಕೆಯ ಕಾರ್ಡು ಎಲ್ಲೋ ಕಳೆದಿತ್ತು. ರೇಬೀಸ್ ಲಸಿಕೆ ಹಾಕಿಸದೆ, ಹೆದರಿ ಕಚ್ಚಬಹುದಾದ ನಾಯಿಯನ್ನು ಮಗು ಇರುವ ಮನೆಯಲ್ಲಿ ಇಟ್ಟುಕೊಳ್ಳಲಾಗದು, ಅಲ್ವಾ?

ಡಾಕ್ಟರಿಗೆ ಮೊದಲೇ ಫೋನಿನಲ್ಲಿ ಎಲ್ಲ ಹೇಳಿದ್ದೆ. ನಾವು ಮನೆಯಿಂದ ಹೊರಡುವ ಎರಡು ಗಂಟೆ ಮುಂಚೆ ಕೊಡಲು ಅವರು ಒಂದು ಮಾತ್ರೆ ಬರೆದುಕೊಟ್ಟರು. ಭಯ ಕಡಿಮೆ ಮಾಡುವಂಥದ್ದು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಔಷಧವನ್ನು ಡಾಕ್ಟರ್ ಹೇಳದೆ ಕೊಡಬಾರದು. ಮನುಷ್ಯರ ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಜೈಲಿಟಾಲ್ ಹಾಕಿರುತ್ತಾರೆ, ಅದು ನಾಯಿಗೆ ವಿಷ.

ನೋಡಿದರೆ ಪಿಂಕಿಯ ಬಲಗಿವಿಯಲ್ಲಿ ಸೋಂಕು. ಒಳಗೆಲ್ಲ ಕೆಂಪು, ಕಂದು ಬಣ್ಣದ ಗುಗ್ಗೆ, ಕೆಟ್ಟ ವಾಸನೆ. ಎಷ್ಟು ದಿನದಿಂದ ಇತ್ತೋ. ಮುದ್ದು ಮಾಡಲು ಬಂದ ಪ್ರತಿ ಕೈಯೂ ತಲೆ ಸವರಿ ಆ ಕಿವಿಗೆ ತಾಗಿರಬೇಕು. ಡಾಕ್ಟರ್ ಅವಳನ್ನು ಮೇಜಿನ ಮೇಲೆ ಎತ್ತಲಿಲ್ಲ. ತಾವೇ ನೆಲದ ಮೇಲೆ ಕೂತರು. ಮಂಪರು ಬರುವ ಇಂಜೆಕ್ಷನ್ ಕೊಟ್ಟು ಕಿವಿ ಪೂರ್ತಿ ಸ್ವಚ್ಛ ಮಾಡಿದರು. ಮನೆಯಲ್ಲಿ ಕಿವಿಗೆ ಡ್ರಾಪ್ಸ್ ಹಾಕಲು ಹೋದರೆ ಹಿಡಿಯಬೇಕಾಗುತ್ತದೆ, ಹಿಡಿದರೆ ನಂಬಿಕೆ ಕೆಡುತ್ತದೆ ಅಂತ ಊಟದಲ್ಲಿ ಬೆರೆಸುವ ಮಾತ್ರೆಯನ್ನೇ ಕೊಟ್ಟರು. ಆ ಡಾಕ್ಟರ ಮೇಲಿನ ನನ್ನ ಗೌರವ ಅವತ್ತಿನಿಂದ ಇಮ್ಮಡಿಯಾಗಿದೆ.

ಮನೆಗೆ ಬಂದು ನಿಯಮ ಮಾಡಿಕೊಂಡೆವು. ಮಂಚದ ಕೆಳಗಿನ ಜಾಗ ಅವಳದ್ದು, ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಅವಳು ಮಲಗಿದ್ದಾಗ, ತಿನ್ನುವಾಗ ಹತ್ತಿರ ಹೋಗುವುದಿಲ್ಲ. ನನ್ನ ಎಂಟು ವರ್ಷದ ಮಗಳಿಗೆ ಇದು ತುಂಬಾ ಕಷ್ಟವಾಯಿತು. ‘ಅಮ್ಮಾ, ಬರೀ ಒಂದ್ಸಲ ಮುಟ್ಲಾ?’ ಅಂತ ದಿನಾ ಕೇಳುತ್ತಿದ್ದಳು. ‘ಪಿಂಕೀನ ಕೇಳು, ನನ್ನಲ್ಲ’ ಅಂತ ಹೇಳುತ್ತಿದ್ದೆ. ಆಮೇಲೆ ಅದನ್ನೇ ಅವಳು ಮನೆಗೆ ಬಂದ ಗೆಳತಿಯರಿಗೆಲ್ಲ ಹೇಳತೊಡಗಿದಳು.

ನಮ್ಮ ಮನೆಯಲ್ಲಿ ಪಿಂಕಿ ತಾನಾಗಿ ಹತ್ತಿರ ಹೋದ ಮೊದಲ ಮನುಷ್ಯರು ಯಾರು ಗೊತ್ತಾ? ಕೆಲಸಕ್ಕೆ ಬರುವ ಅಕ್ಕ. ಅವರು ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ನಾಯಿ ಕಡೆ ತಿರುಗಿಯೂ ನೋಡುವುದಿಲ್ಲ. ಪೊರಕೆ ಕಂಡರೆ ಪಿಂಕಿ ಬೆದರುತ್ತಾಳೆ ಅಂತ ಹೇಳಿದ ದಿನದಿಂದ ಅದನ್ನು ಹಿತ್ತಲ ಬಾಗಿಲ ಹಿಂದೆ ಇಟ್ಟೇ ಬಂದು ಕೂರುತ್ತಿದ್ದರು. ಒಂದು ಬೆಳಗ್ಗೆ ಪಿಂಕಿ ಕುತ್ತಿಗೆ ಉದ್ದ ಮಾಡಿಕೊಂಡು, ಹಿಂಗಾಲು ಓಡಲು ತಯಾರಾಗಿಟ್ಟುಕೊಂಡು, ಅವರ ಸೀರೆಯ ಅಂಚನ್ನು ಮೂಸಿದಳು. ನಾನು ಖುಷಿಯಿಂದ ಏನೋ ಹೇಳಲು ಹೊರಟರೆ ಅವರು ಕಣ್ಣಲ್ಲೇ ತಡೆದರು. ‘ಅದ್ರ ಪಾಡಿಗೆ ಅದು ಬತ್ತದೆ ಬುಡಿ ಅಮ್ಮಾ’ ಅಂದರು, ಮೆಲ್ಲಗೆ.

ಅವರು ಮಾಡುತ್ತಿದ್ದದ್ದರಲ್ಲಿ ಎಲ್ಲವೂ ಇತ್ತು. ನೆಲದ ಮಟ್ಟದಲ್ಲಿ ಕೂತಿದ್ದಾರೆ. ದಿಟ್ಟಿಸಿ ನೋಡುತ್ತಿಲ್ಲ. ಮುಖ ಪಕ್ಕಕ್ಕಿದೆ. ಕೈ ಚಾಚುತ್ತಿಲ್ಲ. ಒಂದಡಿ ಎತ್ತರದ ನಾಯಿಯ ಮೇಲೆ ಐದೂವರೆ ಅಡಿಯ ಮನುಷ್ಯ ಬಾಗಿದರೆ ಅದಕ್ಕೆ ಕಾಣುವುದು ಮೇಲಿನಿಂದ ಬೀಳುತ್ತಿರುವ ಒಂದು ಆಕಾರ. ದೊಡ್ಡ ನಾಯಿಗೆ ಹೀಗೆ ಮಾಡಲು ನಾವೇ ಯೋಚಿಸುತ್ತೇವೆ. ಚಿಕ್ಕ ನಾಯಿಗೆ ಎಲ್ಲರೂ ಮಾಡುತ್ತಾರೆ. ಚಿಕ್ಕ ನಾಯಿ ಗುರ್ ಅಂದರೆ ನಗುತ್ತಾರೆ ಕೂಡ. ಇದು ನನಗೆ ಸಹಿಸಲಾಗದ ವಿಷಯ. ಗುರ್ ಅನ್ನುವುದು ಅದರ ಬಾಯಲ್ಲಿ ಉಳಿದ ಕೊನೆಯ ಸಭ್ಯ ಮಾತು. ಅದಕ್ಕೂ ಬೆಲೆ ಕೊಡದಿದ್ದರೆ, ಅಥವಾ ಗದರಿಸಿ ಬಿಡಿಸಿದರೆ, ಉಳಿಯುವುದು ಹಲ್ಲು ಮಾತ್ರ.

ಅಕ್ಕನನ್ನು ನೋಡಿ ನಾನೂ ಹಾಲಿನಲ್ಲಿ ಚಾಪೆ ಹಾಸಿ ಕೂರತೊಡಗಿದೆ. ಮಂಚದ ಕೋಣೆಯ ಬಾಗಿಲಿಗೆ ಪಕ್ಕವಾಗಿ, ಕೈಯಲ್ಲಿ ಪತ್ರಿಕೆ. ಪಕ್ಕದಲ್ಲಿ ಡಬ್ಬಿಯಲ್ಲಿ ಪನೀರ್, ಹೆಸರುಕಾಳಿನಷ್ಟು ಚಿಕ್ಕ ತುಂಡು. ನಮ್ಮದು ಸಸ್ಯಾಹಾರಿ ಮನೆ. ಎಲ್ಲರೂ ಬೇಯಿಸಿದ ಕೋಳಿ ಕೊಡಿ ಅನ್ನುತ್ತಾರೆ, ಉಪ್ಪಿಲ್ಲದ ಪನೀರೂ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತೆ ಮೊಸರನ್ನ ಕೊಟ್ಟು ನೋಡಿದರು, ಅದನ್ನು ಎಸೆಯಲು ಆಗುವುದಿಲ್ಲವಲ್ಲ.

ಎಸೆಯುವುದು ಮುಖ್ಯ. ಅಂಗೈಯಲ್ಲಿಟ್ಟು ‘ಬಾ ಬಾ’ ಅಂತ ಕರೆದರೆ ಹಸಿದ ನಾಯಿ ಬರುತ್ತದೆ. ಆದರೆ ಆಸೆ ಮುಂದಕ್ಕೆ ಎಳೆಯುತ್ತಿರುತ್ತದೆ, ಭಯ ಹಿಂದಕ್ಕೆ. ತುಂಡು ಬಾಯಿಗೆ ಬಿದ್ದ ಕೂಡಲೇ ‘ಅಯ್ಯೋ ಎಷ್ಟು ಹತ್ತಿರ ಬಂದುಬಿಟ್ಟೆ’ ಅಂತ ಗಾಬರಿಯಾಗುತ್ತದೆ. ಅದಕ್ಕೇ ನಾನು ತುಂಡನ್ನು ಪಿಂಕಿಯ ಹಿಂದಕ್ಕೆ ಬೀಳುವ ಹಾಗೆ ಎಸೆಯುತ್ತಿದ್ದೆ. ತಿನ್ನಲು ಅವಳು ನನ್ನಿಂದ ದೂರ ಹೋಗಬೇಕು. ತಿಂದಾದ ಮೇಲೆ ಮತ್ತೆ ಹತ್ತಿರ ಬರುವುದೋ ಬೇಡವೋ ಅವಳಿಷ್ಟ. ದೂರ ಹೋದದ್ದಕ್ಕೂ ಲಾಭ ಇದೆ ಅಂತ ಗೊತ್ತಾದ ಮೇಲೆ ಹತ್ತಿರ ಬರಲು ಅವಳಿಗೆ ಹೆದರಿಕೆ ಕಡಿಮೆಯಾಯಿತು. ಕೆಲವು ವಾರಗಳಲ್ಲಿ ನನ್ನ ಮೊಣಕಾಲಿಗೆ ಮೂಗು ತಾಗಿಸಿ ಹೋಗುವಷ್ಟು ಬಂದಳು.

ಮುಟ್ಟಲು ಶುರು ಮಾಡಿದ್ದು ಆಮೇಲೆ. ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ಎಲ್ಲ ಇದೆ. ಮೊದಲು ಕೈ ಅಲ್ಲಾಡಬೇಕು, ಆಮೇಲೆ ಪನೀರ್ ಬರಬೇಕು. ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳಲ್ಲಿ ಕಂಡದ್ದು ಇದೇ. ಸದ್ದು ಮೊದಲು, ಊಟ ಆಮೇಲೆ ಬಂದಾಗ ಬರೀ ಸದ್ದಿಗೇ ಜೊಲ್ಲು ಸುರಿಯತೊಡಗುತ್ತದೆ. ತಿರುಗಿಸಿ ಮಾಡಿದರೆ, ಅಂದರೆ ತಿನ್ನುತ್ತಿರುವಾಗ ಮುಟ್ಟಿದರೆ, ಪನೀರ್ ಕಂಡ ಕೂಡಲೇ ‘ಈಗ ಕೈ ಬರುತ್ತೆ’ ಅಂತ ನಾಯಿ ಅನುಮಾನ ಪಡಲು ಕಲಿಯುತ್ತದೆ. ಪನೀರ್‌ನ ರುಚಿಯೂ ಕೆಡುತ್ತದೆ, ಕೈಯ ಭಯವೂ ಹೋಗುವುದಿಲ್ಲ.

ಹಾಗಾಗಿ ನಮ್ಮ ಮೊದಲ ಪಾಠದಲ್ಲಿ ಮುಟ್ಟುವುದೇ ಇರಲಿಲ್ಲ. ನನ್ನ ಕೈ ತೊಡೆಯ ಮೇಲಿಂದ ಒಂದು ಗೇಣು ಸರಿಯುತ್ತದೆ, ನಿಲ್ಲುತ್ತದೆ, ಪನೀರ್ ಬೀಳುತ್ತದೆ. ಮುಂದೆ ಎರಡು ಗೇಣು. ಆಮೇಲೆ ಬೆರಳ ಹಿಂಬದಿ ಎದೆಯ ಪಕ್ಕದ ಕೂದಲಿಗೆ ಸೋಕುತ್ತದೆ, ವಾಪಸ್ ಬರುತ್ತದೆ, ಪನೀರ್. ತಲೆ ಬೇಡ, ಬಾಲ ಬೇಡ, ಪಾದ ಬೇಡ. ಎದೆ, ಭುಜದ ಪಕ್ಕ, ಅಷ್ಟೇ.

ಆಗ ಆಗಸ್ಟ್ ಕೊನೆ. ದಸರಾ ಆನೆಗಳು ಅರಮನೆಗೆ ಬಂದು ತಾಲೀಮು ಶುರುವಾಗಿತ್ತು. ಅತ್ತೆ ಪತ್ರಿಕೆಯಲ್ಲಿ ಫೋಟೋ ತೋರಿಸಿ, ‘ನೋಡೇ, ಆನೆಗೂ ಹಿಂಗೇ ಅಲ್ವೇನೇ ಮಾಡೋದು’ ಅಂದರು. ಎಷ್ಟು ಸರಿಯಾದ ಮಾತು! 750 ಕೆಜಿಯ ಚಿನ್ನದ ಅಂಬಾರಿಯನ್ನು ಯಾರೂ ಮೊದಲ ದಿನವೇ ಆನೆಯ ಮೇಲೆ ಕಟ್ಟುವುದಿಲ್ಲ. ಮೊದಲು ಬರೀ ನಡಿಗೆ. ಆಮೇಲೆ ಬೆನ್ನಿಗೆ ನಮ್ದಾ, ಗಾದಿ ಅನ್ನುವ ಮೆತ್ತೆಗಳನ್ನು ಹಾಕಿ ಮರಳಿನ ಮೂಟೆ, ಮೂಟೆಯ ಭಾರ ದಿನದಿಂದ ದಿನಕ್ಕೆ ಜಾಸ್ತಿ. ಆಮೇಲೆ ಮರದ ಅಂಬಾರಿ. ಹಬ್ಬದಲ್ಲಿ ಹಾರಿಸುವ ಫಿರಂಗಿಯ, ಅಂದರೆ ಕುಶಾಲತೋಪಿನ ಸದ್ದಿಗೂ ಮೊದಲೇ ತಾಲೀಮು. ಅಷ್ಟು ದೊಡ್ಡ ಪ್ರಾಣಿಗೆ ಹಂತ ಹಂತವಾಗಿ ರೂಢಿ ಮಾಡಿಸುವುದು ಈ ಊರಿನವರಿಗೆ ಚೆನ್ನಾಗಿ ಗೊತ್ತು. ಆರು ಕೆಜಿಯ ಪ್ರಾಣಿಗೂ ಅಷ್ಟೇ ಹಂತಗಳು ಬೇಕು ಅನ್ನುವುದೇ ಮರೆತುಹೋಗುತ್ತದೆ. ಅತ್ತೆಯ ಆ ಮಾತಿನ ನಂತರ ಮನೆಯಲ್ಲಿ ನಮ್ಮ ಪಾಠಕ್ಕೆ ತಾಲೀಮು ಅಂತಲೇ ಹೆಸರು ಬಿತ್ತು.

ಎದೆ ಸವರಿಸಿಕೊಳ್ಳಲು ಒಪ್ಪಿದ ಮೇಲೆ ನಾವು ಮಾಡುತ್ತಿದ್ದ ಒಂದು ಪರೀಕ್ಷೆಯನ್ನು ಎಲ್ಲರಿಗೂ ಹೇಳುತ್ತೇನೆ. ಮೂರು ಸೆಕೆಂಡ್ ಸವರಿ, ಕೈ ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಿ. ಏನು ಮಾಡುತ್ತದೆ ನೋಡಿ. ಮೈ ಒರಗಿಸಿದರೆ, ಮೂಗಿನಿಂದ ಕೈ ತಳ್ಳಿದರೆ, ಇನ್ನೂ ಬೇಕು ಅಂತ ಅರ್ಥ. ಮುಖ ಆಚೆ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಮುಂಗಾಲು ಎತ್ತಿ ಹಿಡಿದರೆ, ಕಣ್ಣಿನ ಬಿಳಿ ಭಾಗ ಅರ್ಧಚಂದ್ರದ ಥರ ಕಂಡರೆ, ಸಾಕು ಅಂತ. ಎಲ್ಲಕ್ಕಿಂತ ಮೋಸ ಹೋಗುವುದು ಅಲ್ಲಾಡದೆ ನಿಂತಾಗ. ‘ನೋಡಿ, ಎಷ್ಟು ಸಮಾಧಾನವಾಗಿ ನಿಂತಿದೆ’ ಅನ್ನುತ್ತೇವೆ. ಮೈ ಬಿಗಿ, ಬಾಯಿ ಮುಚ್ಚಿದೆ, ಉಸಿರು ಹಿಡಿದಿದೆ ಅಂದರೆ ಅದು ಸಮಾಧಾನ ಅಲ್ಲ.

ಮಗಳು ಇದನ್ನು ನನಗಿಂತ ಬೇಗ ಕಲಿತಳು. ಮಕ್ಕಳ ಕಣ್ಣಿಗೆ ಇಂಥದ್ದು ಚೆನ್ನಾಗಿ ಕಾಣಿಸುತ್ತದೆ, ಹೇಳಿಕೊಡಬೇಕು ಅಷ್ಟೇ. ಹಾಗಂತ ಅವರಿಬ್ಬರನ್ನೇ ಬಿಟ್ಟು ನಾನು ಎಂದೂ ಹೋಗಲಿಲ್ಲ. ಹಲ್ಲು ಅಥವಾ ಉಗುರು ತಾಗಿ ಸಣ್ಣ ಗೀರು ಬಿದ್ದರೂ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು ಅನ್ನುವುದನ್ನೂ ಅವಳಿಗೆ ಹೇಳಿದ್ದೆ. ಅಂಥ ಸಂದರ್ಭ ಬರಲಿಲ್ಲ.

ಎತ್ತಿಕೊಳ್ಳುವುದು ಬೇರೆಯೇ ಅಧ್ಯಾಯ. ಚಿಕ್ಕ ನಾಯಿಯ ಕಷ್ಟ ಇದು. ದೊಡ್ಡ ನಾಯಿಯನ್ನು ಯಾರೂ ಹೇಳದೆ ಕೇಳದೆ ಗಾಳಿಗೆ ಎತ್ತುವುದಿಲ್ಲ. ಮೆಟ್ಟಿಲು, ಕಾರು, ಬೀದಿನಾಯಿಗಳ ಜಗಳ, ಎತ್ತಲೇಬೇಕಾದ ಸಂದರ್ಭ ಬಂದೇ ಬರುತ್ತದೆ. ಅದಕ್ಕಾಗಿ ಒಂದು ಮಾತು ಗೊತ್ತು ಮಾಡಿಕೊಂಡೆವು: ‘ಎತ್ತಲಾ?’ ಮನೆಯ ಎಲ್ಲರೂ ಅದೇ ಮಾತು, ಅದೇ ದನಿ. ಮೊದಲು ಬರೀ ಮಾತು, ಪನೀರ್. ಆಮೇಲೆ ಮಾತು, ಎದೆಯ ಕೆಳಗೆ ಒಂದು ಕೈ, ಪನೀರ್. ಆಮೇಲೆ ಇನ್ನೊಂದು ಕೈ ಹಿಂಭಾಗದ ಕೆಳಗೆ. ಆಮೇಲೆ ಮುಂಗಾಲು ನೆಲದಿಂದ ಸ್ವಲ್ಪ ಮಾತ್ರ ಎದ್ದು ಮತ್ತೆ ಊರುವಷ್ಟು. ಪೂರ್ತಿ ಎತ್ತಿದ್ದು ಎಷ್ಟೋ ದಿನದ ಮೇಲೆ. ಮಾತಿಲ್ಲದೆ ಯಾರೂ ಎತ್ತುವುದಿಲ್ಲ, ಅದು ಕಟ್ಟುನಿಟ್ಟು. ಎತ್ತಿದಾಗ ಮೈಗೆ ಒತ್ತಿ ಹಿಡಿಯಬೇಕು, ಕಾಲು ನೇತಾಡಬಾರದು. ಇಳಿಸುವಾಗ ನಾಲ್ಕೂ ಕಾಲು ನೆಲಕ್ಕೆ ಊರುವವರೆಗೆ ಬಿಡಬಾರದು. ಕಂಕುಳಿಗೆ ಕೈ ಹಾಕಿ ಮಗುವಿನ ಹಾಗೆ ಎತ್ತಿದರೆ ಇಡೀ ಭಾರ ಭುಜದ ಮೇಲೆ ಬಿದ್ದು ನೋವಾಗುತ್ತದೆ. ಈಗ ‘ಎತ್ತಲಾ?’ ಅಂದರೆ ಪಿಂಕಿ ಪಕ್ಕಕ್ಕೆ ತಿರುಗಿ ನಿಲ್ಲುತ್ತಾಳೆ. ಬೇಡದಿದ್ದರೆ ಎರಡು ಹೆಜ್ಜೆ ಆಚೆ ಹೋಗುತ್ತಾಳೆ. ಆಗ ಮೆಟ್ಟಿಲನ್ನು ಅವಳೇ ಹತ್ತುತ್ತಾಳೆ.

ಬಾಚುವುದಕ್ಕೆ, ಕಿವಿ ನೋಡುವುದಕ್ಕೆ ಬ್ರಿಟನ್ನಿನ ನಾಯಿ ತರಬೇತುದಾರ ಚಿರಾಗ್ ಪಟೇಲ್ ರೂಪಿಸಿದ ಬಕೆಟ್ ಆಟವನ್ನು ಬಳಸಿದೆವು. ಹೆಸರು ಬಕೆಟ್ ಅಂತಿದ್ದರೂ ನಾವು ಇಟ್ಟದ್ದು ಸ್ಟೀಲ್ ಬಟ್ಟಲು. ಗಿಡ್ಡ ಮಣೆಯ ಮೇಲೆ ಪನೀರ್ ಬಟ್ಟಲು ಇರುತ್ತದೆ. ನಾಯಿ ಅದಕ್ಕೆ ಬಾಯಿ ಹಾಕದೆ ಸುಮ್ಮನೆ ನೋಡುತ್ತಿದ್ದರೆ ಒಂದೊಂದೇ ತುಂಡು ಸಿಗುತ್ತದೆ. ಇದು ಚೆನ್ನಾಗಿ ರೂಢಿಯಾದ ಮೇಲೆ, ಅದು ಬಟ್ಟಲನ್ನು ನೋಡುತ್ತಿರುವಾಗ ಮಾತ್ರ ನಾವು ಬಾಚಣಿಗೆ ಹತ್ತಿರ ತರಬಹುದು. ಕಣ್ಣು ಬಟ್ಟಲಿನಿಂದ ಆಚೆ ಹೋಯಿತೋ, ಕೈ ತಕ್ಷಣ ನಿಲ್ಲಬೇಕು. ಮತ್ತೆ ಬಟ್ಟಲು ನೋಡಿದರೆ ಮತ್ತೆ ಶುರು. ಅಂದರೆ ಚಾಲೂ ಮಾಡುವುದು, ಬಂದ್ ಮಾಡುವುದು ಎರಡೂ ನಾಯಿಯ ಕೈಯಲ್ಲಿ.

ಪಿಂಕಿಗೆ ಇದು ಅರ್ಥವಾದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅವಳು ಬಟ್ಟಲು ನೋಡಿದಳು, ನಾನು ಬಾಚಣಿಗೆ ತಂದೆ. ತಟ್ಟನೆ ನನ್ನ ಕಡೆ ನೋಡಿದಳು, ನಾನು ನಿಲ್ಲಿಸಿದೆ. ಮತ್ತೆ ಬಟ್ಟಲು. ಮತ್ತೆ ನನ್ನ ಕಡೆ. ಹೀಗೆ ಬೇಕೆಂದೇ ಮಾಡುತ್ತಿದ್ದಳು, ನಾನು ನಿಜವಾಗಲೂ ನಿಲ್ಲಿಸುತ್ತೇನೋ ಇಲ್ಲವೋ ಅಂತ. ಪ್ರತಿ ಸಲ ನಿಲ್ಲಿಸಿದೆ. ನನ್ನ ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷದಲ್ಲಿ ಅವಳ ಮಾತು ನಡೆದದ್ದು ಅದೇ ಮೊದಲಿರಬೇಕು. ವಿಚಿತ್ರ ಅಂದರೆ ಅಲ್ಲಿಂದ ಮುಂದೆ ಅವಳು ನಿಲ್ಲಿಸು ಅನ್ನುವುದೇ ಕಡಿಮೆಯಾಯಿತು. ಸ್ಪಿಟ್ಜ್ ನಾಯಿಗೆ ಎರಡು ಪದರದ ಕೂದಲು, ಕಿವಿಯ ಹಿಂದೆ, ತೊಡೆಯ ಹಿಂದೆ ಬೇಗ ಗಂಟಾಗುತ್ತದೆ. ಆ ಗಂಟುಗಳನ್ನೆಲ್ಲ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದೆವು. ಕಿವಿಯನ್ನು ತಿರುವಿ ಒಳಗೆ ನೋಡಲು ಬಿಡುತ್ತಾಳೆ. ಮಳೆ ನಿಂತ ಮೇಲೆ ಉಣ್ಣೆ ಹುಳು ಹುಡುಕಲು ಬೆರಳ ಸಂದಿ ತೋರಿಸುತ್ತಾಳೆ. ಹಿಂಗಾಲು ಮಾತ್ರ ಇನ್ನೂ ತಾಲೀಮಿನಲ್ಲಿದೆ, ತೊಡೆಯಿಂದ ಕೆಳಗೆ ಇಳಿದಿಲ್ಲ. ಹಿಂಗಾಲಿನ ಉಗುರನ್ನು ಸದ್ಯಕ್ಕೆ ಡಾಕ್ಟರೇ ನೋಡಿಕೊಳ್ಳುತ್ತಾರೆ. ಮುಂಗಾಲಿನದ್ದಕ್ಕೆ ಒಂದು ಹಲಗೆಗೆ ಸ್ಯಾಂಡ್‌ಪೇಪರ್ ಅಂಟಿಸಿ ಕೊಟ್ಟಿದ್ದೇವೆ, ಪನೀರ್ ಆಸೆಗೆ ತಾನೇ ಕೆರೆದು ಉಗುರು ಸವೆಸಿಕೊಳ್ಳುತ್ತಾಳೆ.

ದೀಪಾವಳಿಗೆ ಎಲ್ಲ ತಲೆಕೆಳಗಾಯಿತು. ಪಟಾಕಿ ಶುರುವಾದ ಸಂಜೆಯಿಂದ ಮತ್ತೆ ಮಂಚದ ಕೆಳಗೆ, ಮತ್ತೆ ತಟ್ಟೆ ಇಟ್ಟು ಹೊರಗೆ ಬರಬೇಕು. ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿಟ್ಟು, ನಾನು ಮಂಚದ ಪಕ್ಕ ನೆಲದ ಮೇಲೆ ಮಲಗಿದೆ. ‘ಹೆದರಿದಾಗ ಸಮಾಧಾನ ಮಾಡಿದ್ರೆ ಭಯ ಜಾಸ್ತಿ ಆಗುತ್ತೆ’ ಅಂತ ಕೆಲವರು ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ. ಭಯ ಅನ್ನುವುದು ನಾಯಿ ಬೇಕೆಂದು ಮಾಡುವ ಚೇಷ್ಟೆ ಅಲ್ಲ, ಮುದ್ದು ಮಾಡಿದರೆ ಬೆಳೆಯಲು. ನಡುರಾತ್ರಿ ಅವಳು ತೆವಳಿ ಬಂದು ನನ್ನ ತೋಳಿಗೆ ಬೆನ್ನು ತಾಗಿಸಿದಳು, ನಾನು ಸವರಿದೆ. ಹಬ್ಬ ಕಳೆದ ಮೇಲೂ ಕೆಲವು ದಿನ ತಾಲೀಮು ಬಿಟ್ಟುಬಿಟ್ಟೆವು. ಅಷ್ಟು ಹೆದರಿದ ಮೈ ತಣ್ಣಗಾಗಲು ಸಮಯ ಬೇಕು. ಆಮೇಲೆ ಮೊದಲ ಹಂತದಿಂದಲೇ ಶುರು ಮಾಡಿದೆವು, ಈ ಸಲ ಬಹಳ ಬೇಗ ಹಿಂದಿನ ಜಾಗಕ್ಕೆ ಬಂದಳು.

ಮುಂದಿನ ವರ್ಷದ ರೇಬೀಸ್ ಲಸಿಕೆಗೆ ಮಂಪರಿನ ಇಂಜೆಕ್ಷನ್ ಬೇಕಾಗಲಿಲ್ಲ. ಮನೆಯ ಬಟ್ಟಲನ್ನೇ ಆಸ್ಪತ್ರೆಗೆ ಒಯ್ದು ನೆಲದ ಮೇಲೆ ಇಟ್ಟೆವು. ಪಿಂಕಿ ಅದನ್ನು ನೋಡುತ್ತಿದ್ದಳು, ಡಾಕ್ಟರ್ ಚುಚ್ಚಿದರು, ಅವಳು ಒಮ್ಮೆ ಹಿಂದೆ ತಿರುಗಿ ನೋಡಿ ಮತ್ತೆ ಬಟ್ಟಲಿಗೆ ಬಂದಳು.

ಮನೆಗೆ ಬರುವವರ ವಿಷಯದಲ್ಲಿ ಮಾತ್ರ ನಾನು ಈಗಲೂ ಬಿಗಿ. ಗೇಟಿನಲ್ಲೇ ಹೇಳುತ್ತೇನೆ, ಅವಳನ್ನು ನೋಡಬೇಡಿ, ಕರೆಯಬೇಡಿ, ಬಂದು ಕೂತು ಮಾತಾಡುತ್ತಿರಿ ಅಂತ. ಕೆಲವರಿಗೆ ಬೇಜಾರಾಗುತ್ತದೆ. ‘ನಾಯಿಗಳಂದ್ರೆ ನನಗೆ ಪ್ರಾಣ, ನನಗೆ ಏನೂ ಮಾಡಲ್ಲ’ ಅನ್ನುತ್ತಾ ಕೈ ಚಾಚುತ್ತಾರೆ. ಆಗ ನಡುವೆ ಬಂದು ನಿಲ್ಲುವವರು ಅತ್ತೆ. ‘ಕೂತ್ಕೊಳಪ್ಪ, ಕಾಫಿ ಕುಡಿ, ಅವಳೇ ಬರ್ತಾಳೆ’ ಅನ್ನುತ್ತಾರೆ. ಈ ದಸರಾಕ್ಕೆ ನಾದಿನಿಯ ಮನೆಯವರು ಮೂವರು ಮಕ್ಕಳ ಜೊತೆ ಬರುತ್ತಿದ್ದಾರೆ. ಮಂಚದ ಕೋಣೆಯ ಬಾಗಿಲಿಗೆ ಚಿಕ್ಕ ಅಡ್ಡಗೇಟು ಹಾಕಿಸಿದ್ದೇವೆ, ಪಿಂಕಿ ನುಸುಳಬಹುದು, ಮಕ್ಕಳು ದಾಟಲಾರರು. ಪನೀರ್ ಡಬ್ಬಿಯ ಉಸ್ತುವಾರಿ ಮಗಳದ್ದು.